ಹೊಸ ಓಣಿ ನಮ್ಮದಾಯಿತು

ಅಕ್ಕಂದಿರೇ, ನಮ್ಮ ಊರು ಬಾಗಲಕೋಟೆ. ಘಟಪ್ರಭಾ ನದಿಯ ದಂಡೆಯ ಊರು. ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ದೊಡ್ಡ ಅಣೆಕಟ್ಟು ಕಟ್ಟಿದರು. 2005ರಲ್ಲಿ ಅದರ ಕೆಲಸ ಮುಗಿಯಿತು. ಅಣೆಕಟ್ಟಿನ ಹಿನ್ನೀರು ನಮ್ಮ ಊರಿಗೂ ಬಂತು. ಹಲವು ಓಣಿಗಳು ನೀರಿನ ಪಾಲಾದವು. ಜನ ಹಂತ ಹಂತವಾಗಿ ನವನಗರಕ್ಕೆ ಹೋದರು. ನಮ್ಮ ಓಣಿಯ ಸರದಿ ತಡವಾಗಿ ಬಂತು. ನಾವು ಗಂಟುಮೂಟೆ ಕಟ್ಟಿದಾಗ ಮಾಗಿಯ ಚಳಿ.

ಹಳೆ ಊರಲ್ಲಿ ನಮಗೆ ದಾರಿ ಹೇಳುವವರು ಬೇಕಿರಲಿಲ್ಲ. ಗುಡಿ, ಬೇವಿನ ಗಿಡ, ಹಿಟ್ಟಿನ ಗಿರಣಿ ಇವೇ ಗುರುತು. ಕತ್ತಲಲ್ಲೂ ಕಾಲು ತಾನೇ ಮನೆ ಸೇರುತ್ತಿತ್ತು. ನವನಗರ ಹಾಗಲ್ಲ. ಊರನ್ನು ಸೆಕ್ಟರ್‌ಗಳಾಗಿ ಭಾಗ ಮಾಡಿದ್ದಾರೆ. ಒಂದೊಂದು ಸೆಕ್ಟರಿಗೆ ಒಂದೊಂದು ನಂಬರು. ಎತ್ತ ನೋಡಿದರೂ ಒಂದೇ ತರಹದ ರಸ್ತೆ.

ಚಳಿಗಾಲದಲ್ಲಿ ಹಗಲು ಚಿಕ್ಕದು. ಆರು ಗಂಟೆಯ ಹೊತ್ತಿಗೇ ಕತ್ತಲೆ. ಒಂದು ಸಂಜೆ ನಮ್ಮ ಓಣಿಯ ಆಯಿ ಹಾಲು ತರಲು ಹೋದರು. ತಿರುಗಿ ಬರಲು ದಾರಿ ತಿಳಿಯಲಿಲ್ಲ. ಅಂಗಡಿಯ ಹುಡುಗ ಕೇಳಿದ, "ಆಯಿ, ನಿಮ್ಮ ಮನಿ ನಂಬರ್ ಎಷ್ಟು?" ಆಯಿಗೆ ಗೊತ್ತಿರಲಿಲ್ಲ. ನಾವು ಹುಡುಕಿಕೊಂಡು ಹೋದಾಗ ಆಯಿ ಚಳಿಯಲ್ಲಿ ನಡುಗುತ್ತ ನಿಂತಿದ್ದರು. "ಎಲ್ಲಾ ಮನಿ ಒಂದೇ ನಮೂನಿ ಕಾಣ್ತಾವ. ನಾ ಯಾವ ಮನಿ ಅಂತ ಹೇಳ್ಲಿ?" ಎಂದು ಅತ್ತರು.

ಆ ರಾತ್ರಿ ನಾವು ಐದು ಜನ ಹೆಂಗಸರು ಮಾತಾಡಿಕೊಂಡೆವು. ನಾವು ಆಗಷ್ಟೇ ಅಕ್ಷರ ಕಲಿತವರು. ಕಲಿತ ಅಕ್ಷರ ಇಲ್ಲಿ ಉಪಯೋಗಕ್ಕೆ ಬರಲಿ ಎಂದೆವು. ದಿನಕ್ಕೊಂದು ದಿಕ್ಕಿಗೆ ನಡೆಯುವುದು ಎಂದು ಗೊತ್ತು ಮಾಡಿದೆವು.

ಮೊದಲ ದಿನ ಬಿಸಿಲು ಬಿದ್ದ ಮೇಲೆ ಶಾಲು ಹೊದ್ದು ಹೊರಟೆವು. ಬಾಗಿಲ ಮುಂದೆ ಸೂರ್ಯನ ಕಡೆ ಮುಖ ಮಾಡಿ ನಿಂತೆವು. ಎದುರಿಗೆ ಪೂರ್ವ. ಬೆನ್ನ ಹಿಂದೆ ಪಶ್ಚಿಮ. ಎಡಗೈಗೆ ಉತ್ತರ. ಬಲಗೈಗೆ ದಕ್ಷಿಣ. ಚಳಿಗಾಲದಲ್ಲಿ ಸೂರ್ಯ ತುಸು ದಕ್ಷಿಣಕ್ಕೆ ಸರಿದು ಮೂಡುತ್ತಾನೆ. ಅದನ್ನು ನೆನಪಿಡಬೇಕು.

ಎರಡನೆಯ ದಿನ ಬೋರ್ಡು ಓದಿದೆವು. "ನ್ಯಾ... ಯ... ಬೆ... ಲೆ... ಅಂಗಡಿ." ಒತ್ತಕ್ಷರ ಬಂದಲ್ಲಿ ನಿಂತೆವು. ಮತ್ತೆ ಓದಿದೆವು. ಓಹೋ, ರೇಷನ್ ಇಲ್ಲೇ ಸಿಗುತ್ತದೆ! ಮುಂದಿನ ದಿನಗಳಲ್ಲಿ ಅಂಗನವಾಡಿ, ಶಾಲೆ, ಅಂಚೆ ಕಚೇರಿ, ದವಾಖಾನೆ ಸಿಕ್ಕವು. ಮನೆಯಿಂದ ಎಷ್ಟು ಅಡ್ಡರಸ್ತೆ ದಾಟಬೇಕು ಎಂದು ಎಣಿಸಿದೆವು. ಬೀದಿದೀಪ ಇಲ್ಲದ ಜಾಗವನ್ನೂ ಗುರುತು ಮಾಡಿದೆವು.

ಮನೆಗೆ ಬಂದು ರಂಗೋಲಿ ಹಿಟ್ಟಿನಿಂದ ಅಂಗಳದಲ್ಲಿ ನಕ್ಷೆ ಬಿಡಿಸಿದೆವು. ಗೆರೆ ಎಂದರೆ ರಸ್ತೆ. ಚುಕ್ಕೆ ಎಂದರೆ ಮನೆ. ಆಯಿ ಕೂಡ ಬಂದು ಒಂದು ಚುಕ್ಕೆ ಇಟ್ಟರು. "ಇದು ನನ್ನ ಮನಿ" ಎಂದರು. ಆಮೇಲೆ ನಕ್ಷೆಯನ್ನು ವಹಿಯಲ್ಲಿ ಬರೆದುಕೊಂಡೆವು.

ಸಂಕ್ರಾಂತಿ ಬಂತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿದೆವು. ಎಳ್ಳುಬೆಲ್ಲ ಹಿಡಿದು ಮನೆ ಮನೆಗೆ ಹೋದೆವು. ಗುರುತಿಲ್ಲದವರು ಗುರುತಾದರು.

ಹಬ್ಬ ಕಳೆದು ಸ್ವಲ್ಪ ದಿನ ಆಗಿತ್ತು. ನಡುರಾತ್ರಿ ಪಕ್ಕದ ಮನೆಯ ಸೊಸೆಗೆ ಹೆರಿಗೆ ನೋವು ಎದ್ದಿತು. ಗಂಡಸರು ಊರಲ್ಲಿರಲಿಲ್ಲ. 108ಕ್ಕೆ ಫೋನ್ ಮಾಡಿದೆವು. "ಯಾವ ಸೆಕ್ಟರು? ಎಷ್ಟನೇ ಅಡ್ಡರಸ್ತೆ? ಹತ್ತಿರ ಏನಿದೆ?" ಎಂದು ಕೇಳಿದರು. ನಮ್ಮಲ್ಲಿ ಒಬ್ಬಳು ವಹಿ ತೆರೆದು, ನಿಧಾನವಾಗಿ, ಒಂದೂ ತಪ್ಪದೆ ಓದಿ ಹೇಳಿದಳು. ಇನ್ನೊಬ್ಬಳು ಟಾರ್ಚ್ ಹಿಡಿದು ರಸ್ತೆಯ ತುದಿಯಲ್ಲಿ ನಿಂತಳು. ಗಾಡಿ ನೇರ ಬಾಗಿಲಿಗೆ ಬಂತು.

ಬೆಳಗಾಗುವುದರೊಳಗೆ ದವಾಖಾನೆಯಲ್ಲಿ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಸುಖವಾಗಿದ್ದರು. ಆಯಿ ಹೇಳಿದರು, "ಹಳೆ ಊರು ಕಾಲಿಗೆ ಗೊತ್ತಿತ್ತು. ಈ ಊರು ಕಾಲಿಗೂ ಗೊತ್ತಾತು, ಕಣ್ಣಿಗೂ ಗೊತ್ತಾತು."

ಹಳೆ ಊರಿನ ನೆನಪು ನಮಗೆ ಇನ್ನೂ ಇದೆ. ಆದರೆ ಈಗ ಯಾರಾದರೂ "ನಿಮ್ಮ ಮನಿ ಎಲ್ಲಿ?" ಎಂದು ಕೇಳಿದರೆ ನಾವು ತಡವರಿಸುವುದಿಲ್ಲ. ನಡೆದು ನೋಡಿದ್ದೇವೆ. ಓದಿ ತಿಳಿದಿದ್ದೇವೆ. ಬರೆದು ಇಟ್ಟಿದ್ದೇವೆ.

ನೆನಪಿಡಿ
108 : ಅಂಬುಲೆನ್ಸ್
112 : ಪೊಲೀಸ್ ಮತ್ತು ತುರ್ತು ಸಹಾಯ
181 : ಮಹಿಳೆಯರ ಸಹಾಯವಾಣಿ

ಉತ್ತರ ಹೇಳಿ
1. ಆಯಿಗೆ ದಾರಿ ತಪ್ಪಿದ್ದು ಏಕೆ?
2. ಬೆಳಿಗ್ಗೆ ಸೂರ್ಯನ ಕಡೆ ಮುಖ ಮಾಡಿ ನಿಂತರೆ ಉತ್ತರ ಯಾವ ಕೈಗೆ?
3. 108ರವರು ಏನೇನು ಕೇಳಿದರು?

ನೀವೇ ಬರೆಯಿರಿ
ನನ್ನ ಮನೆ ನಂಬರು ........
ನನ್ನ ಓಣಿ ........
ಹತ್ತಿರದ ಗುರುತು ........
ಹತ್ತಿರದ ದವಾಖಾನೆ ........

ಮಾಡಿ ನೋಡಿ
ನಾಳೆ ಬೆಳಿಗ್ಗೆ ಗೆಳತಿಯರ ಜೊತೆ ನಿಮ್ಮ ಓಣಿ ಸುತ್ತಿರಿ. ದಾರಿಯಲ್ಲಿ ಕಂಡ ಐದು ಬೋರ್ಡು ಓದಿರಿ. ಅಂಗಳದಲ್ಲಿ ನಕ್ಷೆ ಬಿಡಿಸಿರಿ.