ಕೇಳಿದ ಮಾತ್ರಕ್ಕೆ ಸಂಸಾರ ಮುರಿಯದು, ಮಗಳೇ

ಮಗಳೇ, ಹೊಸದಾಗಿ ಸಂಸಾರ ಹೂಡಿದ ಹುಡುಗಿಯರು ಏಟು ತಿಂದೂ ಬಾಯಿ ಬಿಡುವುದಿಲ್ಲ. ಸಹಾಯ ಕೇಳಿದರೆ ಪೊಲೀಸರು ಬರುತ್ತಾರೆ, ಗಂಡ ಜೈಲು ಸೇರುತ್ತಾನೆ, ಸಂಸಾರ ಬೀದಿಗೆ ಬರುತ್ತದೆ ಅನ್ನುವ ಭಯ ಅವರಿಗೆ. ಅದಕ್ಕೇ ನಿನಗೆ ಈ ಮಾತು: ಇರಬೇಕೋ ಬಿಡಬೇಕೋ ಎಂದು ತೀರ್ಮಾನಿಸುವ ಮೊದಲೇ ಸಹಾಯ ಕೇಳು. ಕೇಳುವುದು ಬೇರೆ, ದೂರು ಕೊಡುವುದು ಬೇರೆ, ಬಿಟ್ಟು ಬರುವುದು ಬೇರೆ.

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂದು ನಿನಗೂ ಯಾರಾದರೂ ಹೇಳಿರುತ್ತಾರೆ. ಇಬ್ಬರೂ ಸರಿಸಮವಾಗಿ ಆಡುವ ಜಗಳಕ್ಕೆ ಆ ಗಾದೆ ಸರಿ. ಒಬ್ಬರು ಕೈ ಎತ್ತಿ, ಇನ್ನೊಬ್ಬರು ಹೆದರಿ ಬದುಕುವ ಮನೆಗೆ ಅದು ಸಲ್ಲದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ಕರ್ನಾಟಕದ ವಿವಾಹಿತ ಮಹಿಳೆಯರ ಪೈಕಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ನೀನೊಬ್ಬಳೇ ಅಲ್ಲಮ್ಮ, ತಪ್ಪೂ ನಿನ್ನದಲ್ಲ.

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಬಂದದ್ದೇ ನಿನ್ನಂಥವರಿಗಾಗಿ. ಹೊಡೆತ ಒಂದೇ ಅಲ್ಲ, ದಿನಾ ಹೀಯಾಳಿಸುವುದು, ಸಂಬಳ ಕಸಿದುಕೊಳ್ಳುವುದು, ಮನಸ್ಸಿಲ್ಲದಾಗ ಬಲವಂತ ಮಾಡುವುದು, ಇವೂ ಅದರ ಪ್ರಕಾರ ದೌರ್ಜನ್ಯವೇ. ಮದುವೆಯಾಗದೆ ದಂಪತಿಗಳಂತೆ ಒಂದೇ ಮನೆಯಲ್ಲಿ ಬಾಳುವವಳಿಗೂ ರಕ್ಷಣೆ ಉಂಟು. ಗಂಡನನ್ನು ಜೈಲಿಗೆ ಕಳಿಸದೆಯೇ 'ಇವಳ ಮೇಲೆ ಕೈ ಮಾಡಬೇಡ, ಇವಳನ್ನು ಮನೆಯಿಂದ ಹೊರಹಾಕಬೇಡ' ಎಂದು ಮ್ಯಾಜಿಸ್ಟ್ರೇಟರಿಂದ ಆದೇಶ ಪಡೆಯಬಹುದು. ಮನೆ ಅತ್ತೆ ಮಾವನ ಹೆಸರಲ್ಲಿದೆ ಎಂಬ ಒಂದೇ ಕಾರಣಕ್ಕೆ ನಿನ್ನ ವಾಸದ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆ ರಕ್ಷಣೆಯ ಆದೇಶವನ್ನು ಗಂಡ ಮೀರಿದರೆ ಅದು ಈ ಕಾಯ್ದೆಯಡಿ ಅಪರಾಧ. ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಬೀಳಬಹುದು.

ಹೋಗಬೇಕಾದದ್ದು ಎಲ್ಲಿಗೆ? ಮಹಿಳಾ ಸಹಾಯವಾಣಿ 181ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಫೋನ್ ಮಾಡು. ಜೀವಕ್ಕೇ ಅಪಾಯ ಅನ್ನಿಸಿದರೆ 112. ಜಿಲ್ಲೆಯ ಸಖಿ ಕೇಂದ್ರದಲ್ಲಿ ಚಿಕಿತ್ಸೆ, ಆಪ್ತ ಸಮಾಲೋಚನೆ, ಪೊಲೀಸ್ ಮತ್ತು ವಕೀಲರ ನೆರವು, ಕೆಲವು ದಿನ ತಂಗಲು ಜಾಗ, ಎಲ್ಲಕ್ಕೂ ಒಂದೇ ಕಡೆ ವ್ಯವಸ್ಥೆ ಇರುತ್ತದೆ. ಸಾಂತ್ವನ ಕೇಂದ್ರಗಳೂ ಇವೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ (ಸಿಡಿಪಿಒ) ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾಧಿಕಾರಿ. ಅಂಗನವಾಡಿ ಟೀಚರನ್ನು ಕೇಳಿದರೆ ಆ ಅಧಿಕಾರಿಯ ಕಚೇರಿಯ ದಾರಿ ತಿಳಿಯುತ್ತದೆ. ವಕೀಲರಿಗೆ ದುಡ್ಡಿಲ್ಲ ಎಂದು ಹಿಂಜರಿಯಬೇಡ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ. ಅದರ ಸಂಖ್ಯೆ 15100.

ಒಂದು ಕಡೆ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ' ಎಂದು ಕಳಿಸಿಬಿಡಬಹುದು. ಅಲ್ಲಿಗೇ ಸುಮ್ಮನಾಗಬೇಡ, ಇನ್ನೊಂದು ಕಡೆ ಕೇಳು. ಒಬ್ಬಳೇ ಹೋಗಲು ಅಂಜಿಕೆಯಾದರೆ ಗೆಳತಿಯನ್ನು ಜೊತೆಗೆ ಕರೆದುಕೋ. ನಿನ್ನ ಪರವಾಗಿ ಬೇರೆಯವರೂ ಸಂರಕ್ಷಣಾಧಿಕಾರಿಗೆ ವಿಷಯ ಮುಟ್ಟಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಬೀಳದಂತೆ ಕಾಯ್ದೆಯೇ ನೋಡಿಕೊಳ್ಳುತ್ತದೆ.

ಇನ್ನು ಕೆಲವು ಎಚ್ಚರಿಕೆ. ಡಾಕ್ಟರ ಮುಂದೆ 'ಬಚ್ಚಲಲ್ಲಿ ಜಾರಿ ಬಿದ್ದೆ' ಅನ್ನಬೇಡ. ಯಾರು ಹೊಡೆದರು ಎಂಬುದನ್ನು ಹೇಳಿ ಬರೆಸು. ಮುಂದೆ ನಿನ್ನ ಕೈ ಹಿಡಿಯುವುದು ಆ ಚೀಟಿಯೇ. ಗಾಯದ ಫೋಟೊ, ಆಧಾರ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ಕಿನ ಪ್ರತಿಗಳನ್ನು ನಂಬಿಕಸ್ತರ ಬಳಿ ಇಡು. ಗಂಡ ನಿನ್ನ ಮೊಬೈಲ್ ನೋಡುವವನಾದರೆ ಬೇರೆಯವರ ಫೋನಿನಿಂದ ಕರೆ ಮಾಡು. ಹೊರಡುತ್ತೇನೆ ಎಂದು ಸಿಟ್ಟಿನಲ್ಲಿ ಅವನಿಗೆ ಮೊದಲೇ ಹೇಳಬೇಡ; ಹಿಂಸೆ ವಿಪರೀತಕ್ಕೆ ಹೋಗುವುದು ಬಹಳ ಸಲ ಆಗಲೇ.

ಇಷ್ಟನ್ನೂ ಒಂದೇ ದಿನ ಮಾಡಬೇಕಿಲ್ಲ. ಇವತ್ತು ನಿನ್ನ ನಂಬುವ ಒಬ್ಬರಿಗೆ ನಡೆದದ್ದನ್ನು ನಡೆದ ಹಾಗೆ ಹೇಳು. ಅಕ್ಕನಾಗಲಿ, ಚಿಕ್ಕಮ್ಮನಾಗಲಿ, ಪಕ್ಕದ ಮನೆಯವರಾಗಲಿ. ಮುಂದಿನ ದಾರಿ ನೀನೇ ಆರಿಸಿಕೊಳ್ಳುವೆಯಂತೆ, ಆದರೆ ಒಬ್ಬಳೇ ಕೂತು ಆರಿಸಬೇಡ.