ಹಬ್ಬದ ದುಡ್ಡು ಯಾರ ಮನೆ ಸೇರಬೇಕು?

ಹುಡುಗರೇ, ಹುಡುಗಿಯರೇ, ಪಿತೃಪಕ್ಷ ಇನ್ನೂ ಕಳೆದಿರುವುದಿಲ್ಲ, ಅಷ್ಟರಲ್ಲೇ ನಿಮ್ಮ ಮೊಬೈಲಿನಲ್ಲಿ ದಸರೆ ಶುರುವಾಗಿರುತ್ತದೆ. ಎಂಬತ್ತು ಪರ್ಸೆಂಟ್ ರಿಯಾಯಿತಿ, ಇನ್ನು ಎರಡೇ ಗಂಟೆ, ಸ್ಟಾಕ್ ಮುಗಿಯುತ್ತಿದೆ ಎಂದು ಅದು ಹೆದರಿಸುತ್ತದೆ. ಆಫೀಸಿನ ಕ್ಯಾಬಿನಲ್ಲಿ ಕೂತವರು ಮನೆ ಮುಟ್ಟುವಷ್ಟರಲ್ಲಿ ಅಮ್ಮನಿಗೆ ಸೀರೆ, ಅಣ್ಣನ ಮಗುವಿಗೆ ಬ್ಯಾಟರಿ ಕಾರು, ಮ್ಯಾನೇಜರಿಗೆ ಬಾದಾಮಿ ಗೋಡಂಬಿ ಡಬ್ಬಿ, ಎಲ್ಲ ಬುಕ್ ಮಾಡಿ ಮುಗಿಸಿರುತ್ತೀರಿ. ನಿಮ್ಮನ್ನು ಬೈಯಲು ಕೂತಿಲ್ಲ ನಾನು. ಕೈಗೆ ನಾಲ್ಕು ಕಾಸು ಬಂದ ಕೂಡಲೇ ಮನೆಯವರನ್ನೆಲ್ಲ ನೆನೆಯುವ ಮಕ್ಕಳನ್ನು ಬೈದರೆ ನಾಲಿಗೆ ಬಿದ್ದುಹೋದೀತು. ಆದರೆ ಅಜ್ಜಿಯಾದವಳಿಗೆ ಒಂದು ಮಾತು ಹೇಳುವ ಸಲಿಗೆ ಇರುತ್ತದಲ್ಲ, ಅದನ್ನು ಬಳಸಿಕೊಂಡು ಹೇಳುತ್ತೇನೆ: ಉಡುಗೊರೆ ಯಾರಿಗೆ ಎಂದು ಯೋಚಿಸುವ ಹಾಗೆಯೇ ಅದರ ದುಡ್ಡು ಯಾರಿಗೆ ಎಂದೂ ಯೋಚಿಸಿ.

ನಮ್ಮ ಹಿಂದಿನ ಹಬ್ಬಗಳಲ್ಲಿ ಈ ಯೋಚನೆ ತಾನಾಗಿಯೇ ಸೇರಿಕೊಂಡಿತ್ತು. ಗೌರಿ ಹಬ್ಬದ ಬಾಗಿನವನ್ನೇ ನೋಡಿ. ಎರಡು ಬಿದಿರ ಮೊರ. ಒಂದರಲ್ಲಿ ಸಾಮಾನು, ಇನ್ನೊಂದು ಅದರ ಮುಚ್ಚಳ. ಹೆಣೆದವರು ಮೇದರು. ಒಳಗಿನ ಬಳೆ ಬಳೆಗಾರನದು, ರವಿಕೆ ಕಣ ನೇಕಾರನದು, ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ ಪಕ್ಕದ ಊರಿನ ರೈತನದು. ಒಬ್ಬಾಕೆ ಇನ್ನೊಬ್ಬಾಕೆಗೆ ಬಾಗಿನ ಕೊಟ್ಟರೆ ಸುತ್ತಲಿನ ಐದಾರು ಕಸುಬಿನವರ ಮನೆಯಲ್ಲೂ ಅಂದು ಹಬ್ಬದಡುಗೆ ಆಗುತ್ತಿತ್ತು. ಆ ಕಾಲದ್ದೆಲ್ಲ ಚೆಂದವಿತ್ತು ಎಂದು ನಾನು ಹೇಳುವವಳಲ್ಲ. ಮೊರ ತಂದವನನ್ನು ಜಗಲಿಯ ಕೆಳಗೇ ನಿಲ್ಲಿಸಿ ಮಾತಾಡಿಸಿದ ಕಾಲವೂ ಅದೇ, ಗಂಡ ಸತ್ತವಳನ್ನು ಬಾಗಿನದಿಂದ ದೂರ ಇಟ್ಟ ಕಾಲವೂ ಅದೇ. ಅವೆಲ್ಲ ಹೋಗಲಿ, ಹೋಗಲೇಬೇಕು. ಉಳಿಯಬೇಕಾಗಿದ್ದ ಮೊರವೇ ಹೋಯಿತಲ್ಲ ಎಂಬುದು ನನ್ನ ಸಂಕಟ. ಈಗ ಗ್ರಂಧಿಗೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಮೊರದ ರೆಡಿಮೇಡ್ ಬಾಗಿನ ಸಿಗುತ್ತದೆ. ಬೆರಳುದ್ದದ ಬಾಚಣಿಗೆ, ಹಣೆಯ ಕುಂಕುಮವೂ ಪೂರ್ತಿ ಕಾಣದ ಕನ್ನಡಿ, ಯಾರೂ ಹೊಲಿಸದ ರವಿಕೆ ಬಟ್ಟೆ. ಆ ಬಟ್ಟೆ ಮಡಿಕೆ ಬಿಚ್ಚದೆಯೇ ಮುಂದಿನ ವರ್ಷ ಇನ್ನೊಬ್ಬರ ಬಾಗಿನಕ್ಕೆ ಹೋಗುತ್ತದೆ, ಅಲ್ಲಿಂದ ಮತ್ತೊಬ್ಬರ ಮನೆಗೆ. ಹೆಂಗಸರಿಗೆಲ್ಲ ಈ ಗುಟ್ಟು ಗೊತ್ತು.

ಮಗುವಿಗೆ ಆಟದ ಸಾಮಾನು ಕೊಡಬೇಕೆನ್ನುವವರು ಒಮ್ಮೆ ಚನ್ನಪಟ್ಟಣಕ್ಕೆ ಹೋಗಿ. ಬೆಂಗಳೂರಿನಿಂದ ಹತ್ತಿರ ಹತ್ತಿರ 60 ಕಿಲೋಮೀಟರ್. 2023ರ ಮಾರ್ಚಿನಲ್ಲಿ ಮೈಸೂರಿನ ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಅಂದಿನಿಂದ ಕಾರುಗಳೆಲ್ಲ ಊರಿನ ಹೊರಗಿಂದಲೇ ಹಾದುಹೋಗುತ್ತವೆ. ಹಳೆ ರಸ್ತೆಯ ಬದಿಯಲ್ಲಿ ಬೊಂಬೆ ಅಂಗಡಿ ಇಟ್ಟುಕೊಂಡವರಿಗೆ ದಾರಿಹೋಕ ಗಿರಾಕಿಯೇ ಇಲ್ಲವಾಯಿತು. ಹೊಸ ರಸ್ತೆಯಿಂದ ನಿಮಗೆ ಗಂಟೆಗಟ್ಟಲೆ ಹೊತ್ತು ಉಳಿದಿದೆಯಲ್ಲ, ಅದರಲ್ಲಿ ಅರ್ಧ ಗಂಟೆ ಆ ಊರಿಗೆ ಕೊಡಿ.

ಹೋದವರು ಅಂಗಡಿಯಿಂದಲೇ ವಾಪಸು ಬರಬೇಡಿ, ಕೆಲಸ ನಡೆಯುವಲ್ಲಿ ಸ್ವಲ್ಪ ನಿಲ್ಲಿ. ಹಾಲೆ ಮರ ಎನ್ನುತ್ತಾರೆ, ಆಲೆ ಮರ ಎನ್ನುವವರೂ ಇದ್ದಾರೆ. ಬಿಳುಪಾದ, ನುಣುಪಾದ, ಉಳಿಗೆ ಹಟ ಮಾಡದ ಮರ. ಅದನ್ನು ಚೆನ್ನಾಗಿ ಒಣಗಿಸಿ, ತುಂಡು ಮಾಡಿ ಲೇತಿಗೆ ಸಿಕ್ಕಿಸುತ್ತಾರೆ. ತುಂಡು ಗಿರ್ರನೆ ತಿರುಗುವಾಗ ಉಳಿ ತಾಗಿಸಿದರೆ ಸುರುಳಿ ಸುರುಳಿಯಾಗಿ ಹೊಟ್ಟು ಹಾರುತ್ತದೆ. ನೋಡುತ್ತಿದ್ದ ಹಾಗೆ ತಲೆ, ಕತ್ತು, ಹೊಟ್ಟೆ ಮೂಡುತ್ತವೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಬೆಂಕಿ ಬೇಡ, ಕುಂಚ ಬೇಡ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಕೊನೆಗೆ ತಾಳೆಗರಿಯ ತುಂಡೊಂದನ್ನು ಮಡಿಸಿ ತಾಗಿಸಿದರೆ, ಮಂಕಾಗಿದ್ದ ಹಳದಿ ಫಳಫಳ ಎನ್ನತೊಡಗುತ್ತದೆ. ಬೆರಳು ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬುದನ್ನು ಯಾವ ಪುಸ್ತಕವೂ ಹೇಳಿಕೊಡಲಾರದು.

ಕೊಳ್ಳುವಾಗ ಬಾಯಿಬಿಟ್ಟು ಕೇಳಿ: ಇದು ಯಾವ ಮರ, ಯಾವ ಬಣ್ಣ? ಎಲ್ಲವೂ ಹಾಲೆ ಮರದ್ದಲ್ಲ, ಎಲ್ಲ ಬಣ್ಣವೂ ಅರಿಶಿನ ನೀಲಿಯಿಂದ ಬಂದದ್ದಲ್ಲ. ಕೂಸು ಬಾಯಿಗಿಡುವ ಗಿಲಕಿಯಾದರೆ ಈ ಪ್ರಶ್ನೆ ಕೇಳಲೇಬೇಕು. ಪ್ರಾಮಾಣಿಕ ಕಸುಬುದಾರನಿಗೆ ಅದರಿಂದ ಬೇಸರವಾಗುವುದಿಲ್ಲ, ಕೆಲಸ ಬಲ್ಲವರು ಬಂದಿದ್ದಾರೆ ಎಂದು ಸಂತೋಷವೇ ಆಗುತ್ತದೆ.

ಇನ್ನು ಅಮ್ಮನ ಸೀರೆ. ಬಾಗಲಕೋಟೆ ಕಡೆಯ ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಆ ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಮಗ್ಗದ ಮೇಲೆ ನೇಯ್ಗೆ ಮುಂದುವರಿಯುವುದು. ತೋಪು ತೆನಿ ಎಂಬ ಆ ಕೆಂಪು ಸೆರಗಿನಲ್ಲಿ ಬಿಳಿಯ ಗೋಪುರಗಳು ಎದ್ದು ನಿಂತಿರುತ್ತವೆ. ಅದೇ ಗೋಪುರವನ್ನು ವಿದ್ಯುತ್ ಮಗ್ಗದಲ್ಲಿ ಸರಸರ ನೇಯ್ದೋ, ಬಟ್ಟೆಯ ಮೇಲೆ ಅಚ್ಚೊತ್ತಿಯೋ ಅಗ್ಗಕ್ಕೆ ಮಾರುವವರಿದ್ದಾರೆ. ಅಗ್ಗದ್ದನ್ನು ಅಗ್ಗದ್ದೆಂದೇ ಮಾರಿದರೆ ನನ್ನದೇನೂ ತಕರಾರಿಲ್ಲ, ಎಲ್ಲರ ಕಿಸೆಯೂ ಒಂದೇ ಸಮ ಇರುವುದಿಲ್ಲ. ಕೈಮಗ್ಗದ್ದೆಂದು ಹೇಳಿ ಮಾರುವುದು ಮಾತ್ರ ಮೋಸ. 2006ರಿಂದ ‘ಹ್ಯಾಂಡ್‌ಲೂಮ್ ಮಾರ್ಕ್’ ಎಂಬ ಗುರುತಿದೆ, ಅದನ್ನು ಕೇಳಿ. ಧಾರವಾಡದ ಕಸೂತಿಯಾದರೆ ಇನ್ನೂ ಸುಲಭ: ಬಟ್ಟೆಯನ್ನು ಮಗುಚಿ ನೋಡಿ. ಗವಂತಿ ಹೊಲಿಗೆ ಎರಡೂ ಮಗ್ಗುಲಲ್ಲಿ ಒಂದೇ ಥರ ಕಾಣುತ್ತದೆ, ಗಂಟು ಇರುವುದಿಲ್ಲ. ಹಿಂಬದಿಯಲ್ಲಿ ದಾರದ ಸಿಕ್ಕು ತುಂಬಿಕೊಂಡಿದ್ದರೆ ಅದು ಯಂತ್ರದ ಕೆಲಸ ಇರಬಹುದು.

ಬೆಲೆಯ ವಿಷಯ ಬಂದಾಗ ಒಂದು ಲೆಕ್ಕ ನೆನಪಿಡಿ. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಈ ಕೆಲಸದಲ್ಲಿರುವವರು 35 ಲಕ್ಷಕ್ಕೂ ಹೆಚ್ಚು, ಅವರಲ್ಲಿ ಶೇಕಡ 70ಕ್ಕಿಂತ ಹೆಚ್ಚು ಹೆಂಗಸರು. ಸುಮಾರು ಮೂರರಲ್ಲಿ ಎರಡು ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಶನಿವಾರ ಸಂಜೆ ಮಾಲಿನಲ್ಲಿ ನಾಲ್ವರು ಗೆಳೆಯರು ಕೂತೆದ್ದರೆ ಬರುವ ಬಿಲ್ಲು ಅಷ್ಟೇ. ಅಲ್ಲಿ ಮಾರುಮಾತಿಲ್ಲದೆ ಕಾರ್ಡ್ ಉಜ್ಜುವವರು, ಸಂತೆಯಲ್ಲಿ ಕೂತ ನೇಕಾರತಿಯ ಹತ್ತಿರ ಇನ್ನೂರು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುತ್ತೀರಿ. ಹಾಗೆ ಮಾಡಬೇಡಿ. ನಿಮ್ಮ ಕಾಲದಲ್ಲಿ ನೀವೂ ಮಾಡಿದ್ದೀರಲ್ಲ ಎನ್ನುತ್ತೀರಾ? ಮಾಡಿದ್ದೇವೆ. ನೀವು ಅದನ್ನು ಕಲಿಯಬೇಕಾಗಿಲ್ಲ.

ನನ್ನ ಮೊಮ್ಮಗಳು ಇಷ್ಟು ಕೇಳಿ, “ಅಜ್ಜಿ, ಆಫೀಸಲ್ಲಿ ಇಪ್ಪತ್ತು ಜನರಿಗೆ ಗಿಫ್ಟ್ ಕೊಡ್ಬೇಕು. ಇಳಕಲ್, ಚನ್ನಪಟ್ಟಣ ಅಂತ ಸುತ್ತೋಕೆ ಟೈಮ್ ಯಾರಿಗಿದೆ?” ಅಂದಳು. ನ್ಯಾಯವಾದ ಮಾತೇ. ಅವಳಿಗೆ ನಾನು ಹೇಳಿದ್ದು: ನೀನು ಸುತ್ತಬೇಡ ಮಗಳೇ, ಸಾಮಾನು ಸುತ್ತಲಿ. ಸರ್ಕಾರದ ಕಾವೇರಿ ಮಳಿಗೆಗಳಿವೆ, ಪ್ರಿಯದರ್ಶಿನಿ ಕೈಮಗ್ಗ ಮಳಿಗೆಗಳಿವೆ. ಸಹಕಾರಿ ಸಂಘಗಳಲ್ಲಿ ಅನೇಕವು ಫೋನ್ ಮಾಡಿದರೆ ಪಾರ್ಸೆಲ್ ಕಳಿಸುತ್ತವೆ. ಆ ಬಾದಾಮಿ ಡಬ್ಬಿಯನ್ನೇ ತೆಗೆದುಕೋ. ನಮ್ಮ ಪೇಟೆಯ ಬಾದಾಮಿ ಹೆಚ್ಚಾಗಿ ಬರುವುದು ಅಮೆರಿಕದ ಕ್ಯಾಲಿಫೋರ್ನಿಯಾದಿಂದ. ಅದರ ಬದಲು ಗೋಕಾಕಿನದೋ ಅಮೀನಗಡದ್ದೋ ಕರದಂಟು ಕೊಡು. ಬೆಲ್ಲದ ಪಾಕ, ಕೊಬ್ಬರಿ, ಕರಿದ ಅಂಟು. ಒಂದು ತುಂಡು ತಿಂದವರು ಎಲ್ಲಿ ಸಿಕ್ಕಿತು ಎಂದು ಕೇಳದೆ ಬಿಡುವುದಿಲ್ಲ. ಅದರಲ್ಲೂ ಬಾದಾಮಿ ಇರುತ್ತದಲ್ಲ ಎಂದು ಅವಳು ನನ್ನನ್ನು ಹಿಡಿದಳು. ಇರಲಿ ಬಿಡು, ಪಾಕ ಹಿಡಿದ ಕೈಯಾದರೂ ನಮ್ಮೂರಿನದು ಅಂದೆ.

ಹೊರದೇಶದಲ್ಲಿರುವ ಮಕ್ಕಳಿಗೂ ಇದೇ ಮಾತು. ಡಿಸೆಂಬರಿನಲ್ಲಿ ನಿಮ್ಮ ಸಹೋದ್ಯೋಗಿಗಳಿಗೆ ಏನಾದರೂ ಕೊಡಲೇಬೇಕಾದ ಸಂದರ್ಭ ಬರುತ್ತದಲ್ಲ, ಊರಿಗೆ ಬಂದಾಗಲೇ ಬೀದರಿನ ಒಂದು ಪುಟ್ಟ ಬಿದರಿ ಡಬ್ಬಿ, ಸಂಡೂರಿನ ಲಂಬಾಣಿ ಕಸೂತಿಯ ಚೀಲ ಕೊಂಡಿಡಿ. ಬಿದರಿಯ ಕಥೆ ಹೇಳಲೂ ಚೆನ್ನ: ಸತು ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿ, ಕೆತ್ತಿದಲ್ಲಿ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಕುದಿಸಿದರೆ ಲೋಹವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ನಾವೇ ಇದನ್ನು ಶೋಕೇಸಿನ ಮೂಲೆಗೆ ತಳ್ಳಿದ್ದೇವೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು, ಯಾಕೆಂದರೆ ನಿಮ್ಮ ಪೈಕಿ ಕೆಲವರ ಉತ್ಸಾಹ ನನಗೆ ಗೊತ್ತು. ಕೈಯಿಂದ ಮಾಡಿದ್ದು ಎಂಬ ಒಂದೇ ಕಾರಣಕ್ಕೆ ಕಂಡದ್ದನ್ನೆಲ್ಲ ಕೊಳ್ಳಬೇಡಿ. ಕೈಮಗ್ಗದ ಸೀರೆಯೇ ಆದರೂ ಬೀರುವಿನಲ್ಲಿ ನಲವತ್ತನೆಯದಾಗಿ ಹೋಗಿ ಕೂತರೆ ಅದೂ ಬರೀ ಶೋಕಿ. ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಕಟ್ಟಿದ ಚರಕ ಸಂಸ್ಥೆಯ ಹೆಂಗಸರು ಅಡಿಕೆ ಚೊಗರಿನಲ್ಲಿ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಗಳ ಮೇಲೆ ತೆರಿಗೆ ಬೇಡವೆಂದು ಇದೇ ಪ್ರಸನ್ನ ಬೆಂಗಳೂರಿನಲ್ಲಿ ಉಪವಾಸ ಕೂತಿದ್ದರು. ಚರಕದ ಒಂದು ಜುಬ್ಬ ಕೊಂಡು ಅದು ಸವೆಯುವವರೆಗೆ ತೊಟ್ಟರೆ ಆ ಕೆಲಸಕ್ಕೆ ಮರ್ಯಾದೆ ಕೊಟ್ಟಂತೆ. ಹತ್ತು ಕೊಂಡು ಒಂದನ್ನೂ ಹಾಕದಿದ್ದರೆ ಸೇಲಿಗೆ ಮುಗಿಬಿದ್ದವರಿಗೂ ನಿಮಗೂ ವ್ಯತ್ಯಾಸ ಏನು? ಹತ್ತು ಜನರಿಗೆ ಕೊಡುವ ಹತ್ತು ಕಸದ ಬದಲು ನಾಲ್ಕೇ ಜನರಿಗೆ ಬಾಳುವಂಥದ್ದು ಕೊಡಿ. ಉಳಿದವರ ಮನೆಗೆ ಹೋಗಿ ಒಂದು ಹೊತ್ತು ಕೂತು ಮಾತಾಡಿ ಬನ್ನಿ. ಬೇಜಾರು ಮಾಡಿಕೊಳ್ಳುವುದಿಲ್ಲ, ನೋಡಿ ಬೇಕಾದರೆ.

ಹಾಗೆಯೇ, ಕೊಳ್ಳುವಾಗ ಉಪಕಾರ ಮಾಡುತ್ತಿದ್ದೇವೆಂಬ ಮುಖ ಹೊತ್ತುಕೊಂಡು ಹೋಗಬೇಡಿ. ಬೊಂಬೆಯ ಚಕ್ರ ಸರಿಯಾಗಿ ತಿರುಗದಿದ್ದರೆ ತಿರುಗುತ್ತಿಲ್ಲ ಎಂದು ಹೇಳಿ, ಸೀರೆಯ ಬಣ್ಣ ಬಿಟ್ಟರೆ ಬಿಟ್ಟಿತು ಎಂದು ಹೇಳಿ. ಪಾಪ ಎಂದು ಸುಮ್ಮನೆ ಕೊಂಡು ಮೂಲೆಗೆಸೆದರೆ ಅವರ ಕೆಲಸವನ್ನು ಕೆಲಸವೆಂದು ನೀವು ಒಪ್ಪಿಲ್ಲ ಅಂತಲೇ ಅರ್ಥ.

ನಿಮ್ಮಲ್ಲಿ ಕೆಲವರು ಕಂಪನಿಗಳಲ್ಲಿ ಎಚ್‌ಆರ್ ಕೆಲಸದಲ್ಲಿದ್ದೀರಿ. ದೀಪಾವಳಿಗೆ ಐನೂರು ಜನ ನೌಕರರಿಗೆ ಏನು ಕೊಡಬೇಕೆಂಬ ತೀರ್ಮಾನ ನಿಮ್ಮ ಮೇಜಿನ ಮೇಲೆ ಆಗುತ್ತದೆ. ನಾನು ಇಷ್ಟು ಹೊತ್ತು ಹೇಳಿದ್ದರಲ್ಲಿ ಮುಖ್ಯವಾದದ್ದು ನಿಮಗೇ. ನಾನೊಬ್ಬಳು ಒಂದು ಗಿಲಕಿ ಕೊಂಡರೆ ಒಂದು ಹೊತ್ತಿನ ಕೂಲಿ. ನೀವು ಕೊಡುವ ಒಂದೇ ಆರ್ಡರಿನಲ್ಲಿ ಹತ್ತಾರು ಮನೆಗಳು ತಿಂಗಳು ನಡೆಯುತ್ತವೆ. ಕೊಪ್ಪಳದ ಕಿನ್ನಾಳದ ಚಿತ್ರಗಾರರು, ನವಲಗುಂದದಲ್ಲಿ ಜಮಖಾನೆ ನೇಯುವ ಹೆಂಗಸರು, ಗುಳೇದಗುಡ್ಡದ ಖಣ ನೇಯುವವರು ಇಂಥ ಆರ್ಡರಿಗಾಗಿ ಕಾಯುತ್ತಾರೆ. ಆದರೆ ಅವರನ್ನು ಕಾರ್ಖಾನೆಯ ಹಾಗೆ ಓಡಿಸಬೇಡಿ. ಹಬ್ಬಕ್ಕೆ ಹತ್ತು ದಿನ ಇರುವಾಗ ಫೋನ್ ಮಾಡಿ ಐನೂರು ಬೇಕೆಂದರೆ ಅವರಿಗೆ ಕೊಡಲಾಗುವುದಿಲ್ಲ, ಆಮೇಲೆ ನೀವು ‘ಈ ಜನ ಪ್ರೊಫೆಷನಲ್ ಅಲ್ಲ’ ಎಂದು ಷರಾ ಬರೆಯುತ್ತೀರಿ. ಕಿನ್ನಾಳದ ಬೊಂಬೆಗೆ ಹುಣಿಸೆ ಬೀಜದ ಅಂಟು ಹಚ್ಚಿದ ಮೇಲೆ ಅದು ಒಣಗಬೇಕು. ಸೀರೆಯೊಂದು ಮಗ್ಗದಿಂದ ಇಳಿಯಲು ದಿನಗಳೇ ಹಿಡಿಯುತ್ತವೆ. ಹಣತೆಗೆ ಬಿಸಿಲು ಬೇಕು. ನಮ್ಮಲ್ಲಿ ಭಾದ್ರಪದ ಆಶ್ವಯುಜದಲ್ಲಿ ಮಳೆ ಯಾವಾಗ ಬಿಟ್ಟೀತೆಂದು ಕುಂಬಾರರು ಆಕಾಶ ನೋಡುತ್ತ ಕೂತಿರುತ್ತಾರೆ.

ಆದ್ದರಿಂದ ದೀಪಾವಳಿಗೆ ಬೇಕಾದದ್ದನ್ನು ಶ್ರಾವಣದಲ್ಲೇ ಹೇಳಿಬಿಡಿ. ಹೇಳುವಾಗ ಅರ್ಧ ದುಡ್ಡು ಮುಂಗಡ ಕೊಡಿ; ನೂಲು, ಮರ, ಜೇಡಿಮಣ್ಣನ್ನು ಯಾರೂ ಅವರಿಗೆ ಸಾಲಕ್ಕೆ ಕೊಡುವುದಿಲ್ಲ. ಉಳಿದರ್ಧವನ್ನು ಸಾಮಾನು ಕೈಸೇರಿದ ದಿನವೇ ಕೊಡಿ; ಬಿಲ್ಲು ಪಾಸಾಗಲು ತೊಂಬತ್ತು ದಿನ ಎಂದು ದಯವಿಟ್ಟು ಹೇಳಬೇಡಿ.