'ಆಲೋಕ' ಶಬ್ದದ ಅರ್ಥವಿಚಾರ

'ಆಲೋಕ' ಎಂಬ ಸಂಸ್ಕೃತ ಶಬ್ದಕ್ಕೆ ನೋಟ, ಬೆಳಕು ಎಂದು ಎರಡು ಅರ್ಥಗಳುಂಟು. ಧಾತು 'ಲೋಕ್', ನೋಡುವುದೆಂಬುದೇ ಅದರ ಮೂಲಾರ್ಥ. ನೋಟಕ್ಕೆ ಸಾಧನವಾದುದರಿಂದ ಬೆಳಕಿಗೂ ಆ ಹೆಸರು ಸಂದಿತು. ('ಲೋಕಾಲೋಕ' ಎಂಬಲ್ಲಿರುವುದು ಈ ಶಬ್ದವಲ್ಲ. ಅದು ಲೋಕ, ಅಲೋಕಗಳ ಸವರ್ಣದೀರ್ಘ ಸಂಧಿ. ಪಾಠಶಾಲೆಯ ಮಕ್ಕಳು ಇಲ್ಲಿ ಎಡವುವುದುಂಟು.)

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾವ್ರತದ ಐದು ಭಾವನೆಗಳ ಪೈಕಿ ಕಡೆಯದು 'ಆಲೋಕಿತಪಾನಭೋಜನ'. ರಾತ್ರಿಭೋಜನತ್ಯಾಗವನ್ನು ಆರನೆಯ ಅಣುವ್ರತವೆಂದು ಬೇರೆಯಾಗಿ ಏಕೆ ಎಣಿಸಲಿಲ್ಲವೆಂಬ ಶಂಕೆಯನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಎತ್ತಿ, ಅದು ಈ ಭಾವನೆಯಲ್ಲಿಯೇ ಅಡಕವಾಗಿದೆಯೆಂದು ಸಮಾಧಾನ ಹೇಳಿದ್ದಾರೆ. ಶ್ರಾವಕನ ಸಂಜೆಯ ಊಟದ ನಿಯಮವು ಹೀಗೆ ಈ ಒಂದು ಪದವನ್ನೇ ಆಶ್ರಯಿಸಿ ನಿಂತಿದೆ.

ರಾಜಾಜಿನಗರ, ವಿಜಯನಗರಗಳ ನಮ್ಮ ತರುಣರು ಕೇಳುವ ಪ್ರಶ್ನೆ ಇದು: "ಹಿಂದೆ ಎಣ್ಣೆಯ ದೀಪದ ಮಂಕು ಬೆಳಕು, ಈಗ ವಿದ್ಯುದ್ದೀಪದಲ್ಲಿ ಅನ್ನದ ಅಗುಳು ಅಗುಳೂ ಕಾಣುತ್ತದೆ. ಇದು ಆಲೋಕವಲ್ಲವೇ?" ಪ್ರಶ್ನೆ ಉದ್ಧಟತನದ್ದಲ್ಲ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಆದರೆ ದೀಪವಿದ್ದರೆ ರಾತ್ರಿಯೂ ಉಣ್ಣಬಹುದಲ್ಲವೇ ಎಂಬ ಶಂಕೆ ಅಕಲಂಕದೇವರ ರಾಜವಾರ್ತಿಕದಲ್ಲಿಯೇ ಇದೆ. ಅನೇಕ ಆರಂಭದೋಷಗಳು ಒದಗುವುದರಿಂದ ಕೂಡದೆಂಬುದು ಅಲ್ಲಿಯ ಉತ್ತರ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ 'ಅರ್ಕಾಲೋಕ', ಅಂದರೆ ಸೂರ್ಯನ ಬೆಳಕು, ಎಂದೇ ಬಿಡಿಸಿ ಹೇಳಿ, ದೀಪ ಹಚ್ಚಿದರೂ ಆಹಾರದಲ್ಲಿ ಸೇರುವ ಸೂಕ್ಷ್ಮಜೀವಿಗಳ ಹಿಂಸೆ ತಪ್ಪದೆಂದಿದ್ದಾರೆ. ಗುಂಡಿ ಒತ್ತಿದರೆ ಹೊತ್ತುವ ದೀಪದಲ್ಲಿ ಬೆಂಕಿ ಹೊತ್ತಿಸುವ ದೋಷ ಕಣ್ಣಿಗೆ ಕಾಣದಿರಬಹುದು. ಹುಳುಗಳ ಮಾತು ಹಾಗಲ್ಲ. ಮೊದಲ ಮಳೆ ಬಿದ್ದ ಸಂಜೆ ಕೆಂಗೇರಿಯ ಯಾವ ಮನೆಯಲ್ಲಾದರೂ ದೀಪದ ಕೆಳಗೊಂದು ತಟ್ಟೆಯಿಟ್ಟು ನೋಡಬಹುದು. ದೀಪ ಪ್ರಖರವಾದಷ್ಟೂ ಈಚಲು ಹುಳುಗಳು ಮುತ್ತುವುದು ಹೆಚ್ಚು.

ಇನ್ನೊಂದು ಮಾತು, ಇದು ವ್ಯಾಕರಣದ್ದು. 'ಆಲೋಕಿತ' ಎಂಬುದಕ್ಕೆ 'ನೋಡಲ್ಪಟ್ಟ' ಎಂದು ಅರ್ಥ; ಬೆಳಕು ಬಿದ್ದುದೆಂದಷ್ಟೇ ಅಲ್ಲ. ನಡುಹಗಲಿನಲ್ಲಿ ಕೂತು, ಕಣ್ಣು ದೂರದರ್ಶನದಲ್ಲೋ ಕೈಯಲ್ಲಿರುವ ಮೊಬೈಲಿನಲ್ಲೋ ನೆಟ್ಟು ಉಣ್ಣುವವನ ತಟ್ಟೆಯ ಮೇಲೆ ಅರ್ಕಾಲೋಕವುಂಟು. ಅನ್ನ ಮಾತ್ರ ಆಲೋಕಿತವಲ್ಲ. ನನ್ನ ಮಟ್ಟಿಗೆ, ರಾತ್ರಿ ಉಣ್ಣದ ಮನೆಗಳಲ್ಲಿಯೂ ಈ ಭಾವನೆ ಸಡಿಲವಾಗಿರುವುದು ಇಲ್ಲಿಯೇ.

ಆಲೋಕಕ್ಕೆ ಸೋದರಿಯಂತಿರುವ ಶಬ್ದ 'ಆಲೋಚನೆ'. ಅದರ 'ಲೋಚ್' ಧಾತುವಿಗೂ ನೋಡುವುದೆಂದೇ ಅರ್ಥ. ಕನ್ನಡದಲ್ಲಿ ಅದು ಯೋಚನೆಯಾಯಿತು. ಶಾಸ್ತ್ರದಲ್ಲಿ ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಮೊದಲನೆಯದು, ಗುರುವಿನ ಮುಂದೆ ಪ್ರಮಾದವನ್ನು ಮರೆಮಾಚದೆ ನಿವೇದಿಸುವುದು. ತಟ್ಟೆಯನ್ನು ನೋಡುವ ಕಣ್ಣು ಇಲ್ಲಿ ಒಳಗೆ ತಿರುಗುತ್ತದೆ.

ಚಾತುರ್ಮಾಸದ ನಿಯಮ ಹಿಡಿಯುವವರು ಗಡಿಯಾರವನ್ನು ನೆಚ್ಚಬಾರದು. ಬೆಂಗಳೂರಿನಲ್ಲಿ ಜುಲೈ ಮೊದಲಲ್ಲಿ ಸೂರ್ಯಾಸ್ತ ಸುಮಾರು 6-50ಕ್ಕೆ. ನವೆಂಬರ್ ನಡುವಿನಲ್ಲಿ 5-50ಕ್ಕೆ. ಅಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ಮುಂಚೆ ಊಟ ಮುಗಿಯಬೇಕೆಂಬ ಕ್ರಮದಂತೆ ಆಷಾಢದಲ್ಲಿ ಆರು ಗಂಟೆಗೆ ಸಲ್ಲುವ ಊಟ, ಮಹಾವೀರ ನಿರ್ವಾಣದ ಹೊತ್ತಿಗೆ ಐದು ಗಂಟೆಯ ಸುಮಾರಿಗೆ ಮುಗಿದಿರಬೇಕು. ಆ ವೇಳೆಗೆ ಕಚೇರಿಯಲ್ಲಿರುವವರು ಬುತ್ತಿಯನ್ನು ಜೊತೆಯಲ್ಲಿ ಒಯ್ಯುವುದು ಲೇಸು.